ಒಂದೇ ಚಾದರ, ಎರಡು ತುದಿ

ದೊಡ್ಡ ಮಂಚದ ಚಾದರವನ್ನು ಒಬ್ಬರೇ ಮಡಚುವುದು ಕಷ್ಟ. ಅಂಚು ನೆಲಕ್ಕೆ ತಾಗುತ್ತದೆ. ತಾಗಿದರೆ ಮತ್ತೆ ಒಗೆಯಲು ಹಾಕಬೇಕು. ಅದಕ್ಕೇ ಇಬ್ಬರು ಬೇಕು. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿದು, ಒಮ್ಮೆ ಜೋರಾಗಿ ಕೊಡವಿ, ಉದ್ದಕ್ಕೆ ಎರಡು ಮಡಿಕೆ ಹಾಕಬೇಕು. ಆಮೇಲೆ ಒಬ್ಬರು ನಡೆದು ಬಂದು ತಮ್ಮ ತುದಿಯನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಓದಲು ಹೊರದೇಶಕ್ಕೆ ಹೋಗಿದ್ದಾಗ, ಹೋಟೆಲ್‌ಗಳ ಬಟ್ಟೆ ಒಗೆಯುವ ಒಂದು ದೊಡ್ಡ ಲಾಂಡ್ರಿಯಲ್ಲಿ ನಾನು ಪಾರ್ಟ್‌ಟೈಮ್ ಕೆಲಸ ಮಾಡುತ್ತಿದ್ದೆ. ಸಂಜೆ ಹೊತ್ತು, ದಿನಕ್ಕೆ ನಾಲ್ಕು ಗಂಟೆ. ಎದುರಿನ ತುದಿ ಹಿಡಿಯುತ್ತಿದ್ದವರು ಆ ಊರಿನವರೇ, ಐವತ್ತು ದಾಟಿದ ಹೆಂಗಸು. ಹನ್ನೊಂದು ವರ್ಷದಿಂದ ಅಲ್ಲಿ ಫುಲ್‌ಟೈಮ್. ನನಗೆ ಕೆಲಸ ಕಲಿಸಿದವರೂ ಅವರೇ. ಬೆರಳು ಎಲ್ಲಿ ಇಡಬೇಕು, ಸೊಂಟ ಹಿಡಿಯದ ಹಾಗೆ ಹೇಗೆ ನಿಲ್ಲಬೇಕು, ಎಲ್ಲವನ್ನೂ ತಾಳ್ಮೆಯಿಂದ ತೋರಿಸಿಕೊಟ್ಟಿದ್ದರು. ಎರಡು ತಿಂಗಳಲ್ಲಿ ನಾವಿಬ್ಬರೂ ಮಾತಿಲ್ಲದೆ ಮಡಚುವಷ್ಟು ಹೊಂದಿಕೊಂಡಿದ್ದೆವು.

ಒಂದು ದಿನ ಸಂಬಳದ ಚೀಟಿ ಬಂತು. ಇಬ್ಬರ ಚೀಟಿಯನ್ನೂ ಮಡಚಿಟ್ಟ ರಾಶಿಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ತಿಂಗಳ ಮೊತ್ತ ಬೇರೆ ಇರುತ್ತದೆ ಅಂತ ಇಬ್ಬರಿಗೂ ಗೊತ್ತಿತ್ತು. ಅವರ ಗಂಟೆಗಳು ಜಾಸ್ತಿ, ನನ್ನವು ಕಡಿಮೆ. ಅವರು ಬೆರಳಿಟ್ಟಿದ್ದು ಅದರ ಮೇಲಲ್ಲ, ಗಂಟೆಯ ದರದ ಮೇಲೆ. ನನ್ನ ದರ ಅವರದಕ್ಕಿಂತ ಹತ್ತಿರ ಹತ್ತಿರ ಐದನೇ ಒಂದು ಪಾಲು ಕಡಿಮೆ ಇತ್ತು. "ಇದು ತಪ್ಪಾಗಿ ಬಂದಿದೆ, ನಾನು ಕೇಳ್ತೀನಿ ಇರು" ಅಂದರು. ಅವತ್ತೇ ಸೂಪರ್‌ವೈಸರ್ ಹತ್ತಿರ ಹೋದರು. ಅವನು ಚೀಟಿ ನೋಡಲೂ ಇಲ್ಲ. "ಅವರು ಪಾರ್ಟ್‌ಟೈಮ್, ಏಜೆನ್ಸಿ ಕಡೆಯವರು" ಅಂದ. ಅಷ್ಟೇ ಉತ್ತರ. ಅವರು ವಾಪಸ್ ಬಂದು ಏನೂ ಹೇಳದೆ ಚಾದರದ ತುದಿ ಹಿಡಿದರು. ಅನುಭವ ಜಾಸ್ತಿ ಇದ್ದವರಿಗೆ ಜಾಸ್ತಿ ಸಿಗಲಿ, ಅದು ಸರಿ. ಆದರೆ ಸೂಪರ್‌ವೈಸರ್ ಅನುಭವದ ಮಾತೇ ಎತ್ತಲಿಲ್ಲ. ಎಂಟು ಗಂಟೆಯ ಜೊತೆಗೆ ಬಂದ ಒಂದು ಗಂಟೆಗೆ ಒಂದು ಬೆಲೆ, ನಾಲ್ಕು ಗಂಟೆಯ ಜೊತೆಗೆ ಬಂದ ಒಂದು ಗಂಟೆಗೆ ಇನ್ನೊಂದು ಬೆಲೆ ಅನ್ನುವುದೇ ಅವನಿಗೆ ಸಾಕಾದ ಕಾರಣವಾಗಿತ್ತು. ವರ್ಷಗಳಾದರೂ ಆ ಉತ್ತರ ನನ್ನನ್ನು ಬಿಟ್ಟಿಲ್ಲ.

ಕೋರ್ಟಿನಲ್ಲಿ ಗಂಟೆಯ ಬೆಲೆ

ಈ ಜಗಳ ನನ್ನದೊಬ್ಬಳದೇ ಆಗಿರಲಿಲ್ಲ ಅಂತ ಆಮೇಲೆ ಓದುತ್ತಾ ಹೋದಾಗ ತಿಳಿಯಿತು. ಇಂಗ್ಲೆಂಡಿನ ಒಂದು ಬಟ್ಟೆ ಕಾರ್ಖಾನೆಯಲ್ಲಿ ಪಾರ್ಟ್‌ಟೈಮ್ ಕೆಲಸಗಾರರಿಗೆ ಗಂಟೆಗೆ ಶೇ. 10ರಷ್ಟು ಕಡಿಮೆ ಕೊಡುತ್ತಿದ್ದರು. ಒಬ್ಬ ಹೆಂಗಸು ಪ್ರಶ್ನೆ ಮಾಡಿದಳು. ಕೇಸು ಯುರೋಪಿಯನ್ ನ್ಯಾಯಾಲಯದವರೆಗೆ ಹೋಯಿತು. 1981ರಲ್ಲಿ ಬಂದ ತೀರ್ಪು ಅರ್ಧ ಬಾಗಿಲು ಮಾತ್ರ ತೆರೆಯಿತು. ಪಾರ್ಟ್‌ಟೈಮ್‌ನವರಿಗೆ ಕಡಿಮೆ ಕೊಟ್ಟ ಮಾತ್ರಕ್ಕೆ ತಪ್ಪಾಗುವುದಿಲ್ಲ, ಆದರೆ ಅದು ಹೆಂಗಸರ ಸಂಬಳ ಇಳಿಸುವ ಒಂದು ದಾರಿಯಾಗಿದ್ದರೆ ತಪ್ಪು ಅಂತ. ಐದು ವರ್ಷ ಕಳೆದು, 1986ರಲ್ಲಿ, ಅದೇ ನ್ಯಾಯಾಲಯದ ಮುಂದೆ ಜರ್ಮನಿಯ ಒಂದು ದೊಡ್ಡ ಮಳಿಗೆಯ ಪಿಂಚಣಿ ನಿಯಮ ಬಂತು. ಪಾರ್ಟ್‌ಟೈಮ್‌ನವರು 20 ವರ್ಷದ ಅವಧಿಯಲ್ಲಿ 15 ವರ್ಷ ಫುಲ್‌ಟೈಮ್ ದುಡಿದಿದ್ದರೆ ಮಾತ್ರ ಅವರಿಗೆ ಆ ಪಿಂಚಣಿ. ಪಾರ್ಟ್‌ಟೈಮ್ ದುಡಿಯುವವರಲ್ಲಿ ಹೆಂಗಸರೇ ಜಾಸ್ತಿ. ಹಾಗಿರುವಾಗ ಈ ನಿಯಮಕ್ಕೆ ನಿಜವಾಗಿಯೂ ವ್ಯಾಪಾರದ ಅಗತ್ಯ ಇದೆ ಅಂತ ಮಾಲೀಕರೇ ತೋರಿಸಿಕೊಡಬೇಕು ಅಂತ ನ್ಯಾಯಾಲಯ ಹೇಳಿತು. ಕಾರಣ ಕೊಡುವ ಹೊಣೆ ಮಾಲೀಕರ ತಲೆಗೆ ಬಂದಿದ್ದು ನನ್ನ ಮಟ್ಟಿಗೆ ದೊಡ್ಡ ಸಂಗತಿ.

1994ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಪಾರ್ಟ್‌ಟೈಮ್ ಕೆಲಸದ ಬಗ್ಗೆಯೇ ಒಂದು ಒಪ್ಪಂದ ಮಾಡಿತು, 175ನೆಯದು. ಕಡಿಮೆ ಗಂಟೆ ದುಡಿಯುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಯಾರ ಗಂಟೆಯ ದರವೂ ಕಡಿಮೆಯಾಗಬಾರದು ಅನ್ನುವುದು ಅದರ ಒಂದು ಮುಖ್ಯ ಮಾತು. 1997ರಲ್ಲಿ ಯುರೋಪಿಯನ್ ಒಕ್ಕೂಟ, 2000ದಲ್ಲಿ ಬ್ರಿಟನ್ ಅದೇ ಅರ್ಥದ ನಿಯಮ ತಂದವು. ಜಪಾನಿನಲ್ಲಿ ಸಮಾನ ಕೆಲಸಕ್ಕೆ ಸಮಾನ ಸಂಬಳದ ಕಾನೂನು 2020ರ ಏಪ್ರಿಲ್‌ನಲ್ಲಿ ದೊಡ್ಡ ಕಂಪನಿಗಳಿಗೂ, ಒಂದು ವರ್ಷದ ನಂತರ ಸಣ್ಣವುಗಳಿಗೂ ಜಾರಿಯಾಯಿತು. ಅಂದರೆ ಕಾಗದದ ಮೇಲೆ ಈ ವಾದ ಗೆದ್ದು ಎಷ್ಟೋ ಕಾಲ ಆಗಿದೆ.

ಆದರೂ 2023ರ ಜನವರಿಯಲ್ಲಿ ಜರ್ಮನಿಯ ಕಾರ್ಮಿಕ ವಿಷಯಗಳ ಅತ್ಯುನ್ನತ ನ್ಯಾಯಾಲಯ ಒಂದು ಕೇಸು ತೀರ್ಮಾನಿಸಬೇಕಾಯಿತು. ಆಂಬುಲೆನ್ಸ್ ಸೇವೆಯ ಒಬ್ಬ ಸಿಬ್ಬಂದಿ. ಫುಲ್‌ಟೈಮ್‌ನವರಿಗೆ ಗಂಟೆಗೆ 17 ಯೂರೋ, ಇವನಿಗೆ 12. ಇಬ್ಬರದೂ ಒಂದೇ ತರಬೇತಿ, ಒಂದೇ ಕೆಲಸ. ಮಾಲೀಕರ ವಾದ ಏನು ಗೊತ್ತಾ? ಫುಲ್‌ಟೈಮ್‌ನವರನ್ನು ನಾವು ಹೇಳಿದ ಶಿಫ್ಟಿಗೆ ಹಾಕಬಹುದು, ಇವನು ಬೇಕಾದರೆ ಬರುತ್ತಾನೆ, ಬೇಡವಾದರೆ ಒಲ್ಲೆ ಅನ್ನಬಹುದು, ಹಾಗಾಗಿ ಕಡಿಮೆ. ನ್ಯಾಯಾಲಯ ಇದನ್ನು ಒಪ್ಪಲಿಲ್ಲ. ಆ ಸ್ವಾತಂತ್ರ್ಯ ಇದ್ದರೂ ಅದು ಕಡಿಮೆ ಕೂಲಿಗೆ ಕಾರಣವಾಗಲಾರದು ಅಂತ ಹೇಳಿ, ಉಳಿದ ಹಣ ಕೊಡಿಸಿತು. ನಾನು ಇದನ್ನು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಒಲ್ಲೆ ಅನ್ನುವ ಸ್ವಾತಂತ್ರ್ಯ! ನಮ್ಮ ಲಾಂಡ್ರಿಯಲ್ಲಿ ಸೂಪರ್‌ವೈಸರ್ "ಇನ್ನೆರಡು ಗಂಟೆ ಯಾರು ನಿಲ್ತೀರಿ?" ಅಂತ ಕೇಳಿದರೆ ಪಾರ್ಟ್‌ಟೈಮ್‌ನವರ ಕೈಗಳೆಲ್ಲ ಒಟ್ಟಿಗೆ ಮೇಲೆ ಹೋಗುತ್ತಿದ್ದವು. ಒಂದು ಸಲ ಆಗಲ್ಲ ಅಂದವರನ್ನು ಮುಂದಿನ ವಾರ ಕೇಳುತ್ತಲೇ ಇರಲಿಲ್ಲ.

ಔಷಧಿ ಅಂಗಡಿಯ ಪಾಠ

ಅರ್ಥಶಾಸ್ತ್ರಜ್ಞರ ಮಾತನ್ನೂ ಕೇಳಬೇಕು. ಕೆಲಸಕ್ಕೆ ತೆಗೆದುಕೊಳ್ಳುವ ಖರ್ಚು, ಕಲಿಸುವ ಖರ್ಚು, ಲೆಕ್ಕ ಬರೆಯುವ ಖರ್ಚು ಒಬ್ಬರಿಗೆ ಇಷ್ಟು ಅಂತ ಆಗುತ್ತದೆ. ಅವರು 40 ಗಂಟೆ ದುಡಿದರೆ ಆ ಖರ್ಚು 40 ಗಂಟೆಗೆ ಹಂಚಿಹೋಗುತ್ತದೆ, 15 ಗಂಟೆ ದುಡಿದರೆ 15ಕ್ಕೆ. ಇದರಲ್ಲಿ ಸುಳ್ಳೇನಿಲ್ಲ. ಇನ್ನೊಂದು ವಿವರಣೆ ಕ್ಲಾಡಿಯಾ ಗೋಲ್ಡಿನ್ ಅವರದು, 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಕೆಲವು ವೃತ್ತಿಗಳಲ್ಲಿ ಉದ್ದದ ದಿನಕ್ಕೆ, ಹೊತ್ತಲ್ಲದ ಹೊತ್ತಿನ ಕೆಲಸಕ್ಕೆ ಸಂಬಳ ಗಂಟೆಯ ಲೆಕ್ಕಕ್ಕಿಂತ ಜಾಸ್ತಿ ಏರುತ್ತದೆ. ದುಪ್ಪಟ್ಟು ಗಂಟೆ ದುಡಿದವರಿಗೆ ದುಪ್ಪಟ್ಟಿಗಿಂತ ಹೆಚ್ಚು ಸಿಗುತ್ತದೆ. ವಕೀಲರು, ದೊಡ್ಡ ಹಣಕಾಸು ಕಂಪನಿಗಳವರು ಹೀಗೆ. ಒಬ್ಬರು ಅರ್ಧಕ್ಕೆ ಬಿಟ್ಟ ಕೆಲಸವನ್ನು ಇನ್ನೊಬ್ಬರು ಸುಲಭವಾಗಿ ಮುಂದುವರಿಸಲು ಆಗದ ಕಡೆ ಕಡಿಮೆ ಗಂಟೆಗೆ ದಂಡ ಬೀಳುತ್ತದೆ.

ಇದಕ್ಕೆ ಅವರು ಕೊಟ್ಟ ಎದುರು ಉದಾಹರಣೆ ನನಗೆ ತುಂಬಾ ಹಿಡಿಸಿತು. ಅಮೆರಿಕದ ಫಾರ್ಮಸಿಸ್ಟರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಲಾರೆನ್ಸ್ ಕಾಟ್ಸ್ ಜೊತೆ ಸೇರಿ ಅವರು ಈ ವೃತ್ತಿಯನ್ನು ವಿವರವಾಗಿ ನೋಡಿದ್ದಾರೆ. ಹಿಂದೆ ಔಷಧಿ ಅಂಗಡಿ ಅಂದರೆ ಒಬ್ಬ ಮಾಲೀಕನ ಅಂಗಡಿ. ಗಿರಾಕಿಗಳ ವಿಷಯವೆಲ್ಲ ಅವನ ತಲೆಯಲ್ಲೇ. ಆಮೇಲೆ ದೊಡ್ಡ ಸರಣಿ ಅಂಗಡಿಗಳು ಬಂದವು, ಆಸ್ಪತ್ರೆಗಳಲ್ಲಿ ಕೆಲಸ ಜಾಸ್ತಿಯಾಯಿತು, ದಾಖಲೆ ಕಂಪ್ಯೂಟರಿಗೆ ಹೋಯಿತು, ಔಷಧಿಗಳು ಎಲ್ಲ ಕಡೆ ಒಂದೇ ಥರ ಆದವು. ಈಗ ಒಬ್ಬ ಫಾರ್ಮಸಿಸ್ಟ್ ಎದ್ದುಹೋದರೆ ಇನ್ನೊಬ್ಬರು ಬಂದು ಅದೇ ಕೆಲಸ ಹಿಡಿಯಬಹುದು. ಪರಿಣಾಮ, ಕಡಿಮೆ ಗಂಟೆ ದುಡಿದರೂ ಗಂಟೆಯ ದರಕ್ಕೆ ಹೆಚ್ಚು ಏಟು ಬೀಳುವುದಿಲ್ಲ.

ಇದನ್ನು ಓದುವಾಗ ಒಂದು ಪ್ರಶ್ನೆ ಬಂತು. ಒಬ್ಬರ ಜಾಗಕ್ಕೆ ಇನ್ನೊಬ್ಬರು ಸುಲಭವಾಗಿ ಬರುವುದೇ ಸಮಾನ ದರಕ್ಕೆ ದಾರಿ ಅಂದರೆ, ಚಾದರ ಮಡಚುವ ಕೆಲಸದಲ್ಲಿ ವ್ಯತ್ಯಾಸವೇ ಇರಬಾರದು ಅಲ್ವಾ? ಅದಕ್ಕಿಂತ ಸುಲಭವಾಗಿ ಕೈ ಬದಲಾಗುವ ಕೆಲಸ ಯಾವುದಿದೆ? ಆದರೆ ಫಾರ್ಮಸಿಸ್ಟ್ ಕೈಯಲ್ಲಿ ಲೈಸೆನ್ಸ್ ಇದೆ. ಈ ಅಂಗಡಿ ಬೇಡವಾದರೆ ಪಕ್ಕದ ಅಂಗಡಿ. ಮಡಚುವವರಿಗೆ ಆ ಪಕ್ಕದ ಅಂಗಡಿ ಇಲ್ಲ. ಕೆಲಸ ಕೊಡುವವರು ಒಬ್ಬಿಬ್ಬರೇ ಇದ್ದಾಗ, ಅಥವಾ ಬಿಟ್ಟುಹೋಗಲು ದಾರಿ ಇಲ್ಲದಾಗ, ಕೂಲಿ ಎಷ್ಟು ಅನ್ನುವುದನ್ನು ಕೊಡುವವರೇ ನಿರ್ಧರಿಸುತ್ತಾರೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಅರ್ಥಶಾಸ್ತ್ರದಲ್ಲಿ ಮೊನಾಪ್ಸನಿ ಅನ್ನುತ್ತಾರೆ. ಮಾರುವವರು ನೂರಾರು ಜನ, ಕೊಳ್ಳುವವನು ಒಬ್ಬನೇ ಇರುವ ಸಂತೆ. ನನಗೆ ತಿಳಿದ ಮಟ್ಟಿಗೆ ಗಂಟೆಯ ಬೆಲೆ ಎಷ್ಟು ಗಂಟೆ ದುಡಿಯುತ್ತೀರಿ ಅನ್ನುವುದಕ್ಕಿಂತ, ಆಗಲ್ಲ ಅನ್ನಲು ನಿಮಗೆ ಎಷ್ಟು ಧೈರ್ಯ ಇದೆ ಅನ್ನುವುದರ ಮೇಲೆ ನಿಂತಿದೆ. ಆ ಧೈರ್ಯ ಬರುವುದು ಸ್ವಭಾವದಿಂದಲ್ಲ. ಕೈಯಲ್ಲಿರುವ ಕಾಗದಗಳಿಂದ.

ಕಡಿಮೆ ಕೇಳಿದವರು, ಕಡಿಮೆ ಸಿಕ್ಕವರು

ಪಾರ್ಟ್‌ಟೈಮ್ ಅನ್ನುವ ಒಂದೇ ಪದದಲ್ಲಿ ಇಬ್ಬರು ಬೇರೆ ಬೇರೆ ಮನುಷ್ಯರು ಅಡಗಿದ್ದಾರೆ. ಒಬ್ಬರಿಗೆ ಮನೆಯಲ್ಲಿ ಮಗು ಇದೆ, ಓದು ಇದೆ, ಆರೋಗ್ಯ ಸರಿಯಿಲ್ಲ, ಅವರೇ ಕಡಿಮೆ ಗಂಟೆ ಕೇಳಿ ಪಡೆದಿದ್ದಾರೆ. ಇನ್ನೊಬ್ಬರು 40 ಗಂಟೆ ದುಡಿಯಲು ತಯಾರಿದ್ದಾರೆ, ಸಿಕ್ಕಿದ್ದು 18. ಸರಾಸರಿ ತೆಗೆಯುವಾಗ ಇಬ್ಬರನ್ನೂ ಒಂದೇ ಸಾಲಿನಲ್ಲಿ ಬರೆಯುತ್ತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಪಾರ್ಟ್‌ಟೈಮ್ ದುಡಿಯುವವರು ಬಹಳ ಜಾಸ್ತಿ. ಆದರೆ ಅಲ್ಲಿ 1996ರ ಕಾನೂನು ಗಂಟೆ ಕಡಿಮೆ ಅಂತ ಭೇದ ಮಾಡುವುದನ್ನು ತಡೆಯಿತು. 2000ದ ಕಾನೂನು ಗಂಟೆ ಕಡಿಮೆ ಮಾಡಿ ಅಂತಲೂ, ಜಾಸ್ತಿ ಮಾಡಿ ಅಂತಲೂ ಕೇಳುವ ಹಕ್ಕು ಕೊಟ್ಟಿತು. ಈ ಎರಡನೆಯ ಅರ್ಧದ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಕಡಿಮೆ ಮಾಡಿ ಅಂತ ಕೇಳುವವರು ನೆಲೆ ನಿಂತವರು. ಜಾಸ್ತಿ ಕೊಡಿ ಅಂತ ಕೇಳುವವರಲ್ಲಿ ಹೊಸದಾಗಿ ಬಂದವರು ಬಹಳ.

ವಲಸೆ ಬಂದವರ ವಿಷಯದಲ್ಲಿ ಇನ್ನೂ ಒಂದು ಗಂಟು ಇದೆ. ಎಷ್ಟೋ ಜನರನ್ನು ಕಾನೂನೇ ಪಾರ್ಟ್‌ಟೈಮ್ ಮಾಡಿರುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪಾಠ ನಡೆಯುವ ದಿನಗಳಲ್ಲಿ ಬ್ರಿಟನ್‌ನಲ್ಲಿ ಪದವಿ ಓದುತ್ತಿದ್ದರೆ ವಾರಕ್ಕೆ 20 ಗಂಟೆ, ಜಪಾನಿನಲ್ಲಿ ಅನುಮತಿ ಪಡೆದು 28 ಗಂಟೆ, ಕೆನಡಾದಲ್ಲಿ 2024ರ ನವೆಂಬರ್‌ನಿಂದ ಕಾಲೇಜಿನ ಹೊರಗೆ 24 ಗಂಟೆ, ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಎರಡು ವಾರಕ್ಕೆ 48 ಗಂಟೆ. ಓದಲು ಬಂದವರು ಓದಲಿ ಅನ್ನುವುದು ಉದ್ದೇಶ, ಅದು ನನಗೆ ಅರ್ಥವಾಗುತ್ತದೆ. ಆದರೆ ಬಾಡಿಗೆ 20 ಗಂಟೆಯ ಲೆಕ್ಕದಲ್ಲಿ ಬರುವುದಿಲ್ಲ. ಆಗ 21ನೆಯ ಗಂಟೆ ಎಲ್ಲಿಂದ ಬರುತ್ತದೆ? ಲೆಕ್ಕಕ್ಕೆ ಸಿಗದ ಕಡೆಯಿಂದ. ಆ ಗಂಟೆಗೆ ಕನಿಷ್ಠ ಕೂಲಿಯೂ ಇಲ್ಲ. ಕೊಟ್ಟಷ್ಟು ಕೈಗೆ. ಕೊಡದಿದ್ದರೆ ದೂರು ಕೊಡಲು ಹೋಗುವಂತಿಲ್ಲ, ಹೋದರೆ ಮೊದಲು ಸಿಕ್ಕಿಬೀಳುವುದು ದೂರು ಕೊಟ್ಟವರೇ ಅನ್ನುವ ಭಯ. ನನ್ನ ಜೊತೆ ಓದುತ್ತಿದ್ದ ಒಬ್ಬ ಹುಡುಗ ಹೀಗೆ ಮೂರು ವಾರ ರಾತ್ರಿ ನೆಲ ಒರೆಸಿ, ಕೊನೆಗೆ ಒಂದು ಪೈಸೆ ಸಿಗದೆ ವಾಪಸ್ ಬಂದ. ಯಾರಿಗೂ ಹೇಳಬೇಡಿ ಅಂತ ನಮ್ಮನ್ನು ಬೇಡಿಕೊಂಡ. ಮೋಸ ಹೋದವನು ಅವನು, ಅಡಗಿ ಕೂರಬೇಕಾದವನೂ ಅವನೇ. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಶ್ರೀಮಂತ ದೇಶಗಳಲ್ಲಿ ವಲಸೆ ಬಂದವರು ಅಲ್ಲಿನವರಿಗಿಂತ ಗಂಟೆಗೆ ಸರಾಸರಿ ಸುಮಾರು ಶೇ. 13ರಷ್ಟು ಕಡಿಮೆ ಗಳಿಸುತ್ತಾರೆ. ವಲಸೆ ಬಂದ ಹೆಂಗಸರಿಗೆ ಏಟು ಎರಡು ಕಡೆಯಿಂದ. ಸ್ಥಳೀಯ ಗಂಡಸರ ಪಕ್ಕ ಇಟ್ಟು ನೋಡಿದರೆ ಅಂತರ ಸುಮಾರು ಶೇ. 21. ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತೂ ಇದೆ. 1978ರಲ್ಲಿ ಅರ್ಥಶಾಸ್ತ್ರಜ್ಞ ಬ್ಯಾರಿ ಚಿಸ್ವಿಕ್ ಅಮೆರಿಕದ ಅಂಕಿಅಂಶ ನೋಡಿ, ವಲಸೆ ಬಂದವರು ಕಡಿಮೆ ಸಂಬಳದಿಂದ ಶುರುಮಾಡಿ ವರ್ಷಗಳು ಕಳೆದಂತೆ ಮೇಲೆ ಬರುತ್ತಾರೆ ಅಂದರು. 1985ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಅದನ್ನು ಪ್ರಶ್ನಿಸಿದರು. ಮೊದಲು ಬಂದವರು, ಆಮೇಲೆ ಬಂದವರು ಬೇರೆ ಬೇರೆ ಗುಂಪಿನವರು, ಅವರ ಏರಿಕೆಯನ್ನು ನೋಡಿ ಇವರ ಭವಿಷ್ಯ ಹೇಳಲಾಗದು ಅಂತ. ನಾನು ಇದಕ್ಕೆ ನನ್ನ ಕಣ್ಣಾರೆ ಕಂಡದ್ದನ್ನು ಸೇರಿಸುತ್ತೇನೆ. ಮೇಲೆ ಹತ್ತಲು ಮೆಟ್ಟಿಲು ಬೇಕು. ನಮ್ಮ ಲಾಂಡ್ರಿಯಲ್ಲಿ ಹೊಸ ಮಷೀನ್ ಬಂದರೆ ತರಬೇತಿ ಫುಲ್‌ಟೈಮ್‌ನವರಿಗೆ ಮಾತ್ರ. ಮಷೀನ್ ಗೊತ್ತಿದ್ದವರಿಗೆ ಮಾತ್ರ ದರ ಏರುತ್ತಿತ್ತು. ಐದು ವರ್ಷ ಪಾರ್ಟ್‌ಟೈಮ್ ಮಾಡಿದವರು ಐದನೆಯ ವರ್ಷವೂ ಚಾದರವನ್ನೇ ಮಡಚುತ್ತಿದ್ದರು.

ದರದ ಆಚೆಗೆ

ಗಂಟೆಯ ದರ ಒಂದೇ ಆದರೂ ವ್ಯತ್ಯಾಸ ಮುಗಿಯುವುದಿಲ್ಲ. ಓಟಿ ವಿಷಯ ತೆಗೆದುಕೊಳ್ಳಿ. ಎಷ್ಟೋ ಕಡೆ ವಾರಕ್ಕೆ 20 ಗಂಟೆಯವರು 26 ಗಂಟೆ ದುಡಿದರೆ ಮೇಲಿನ ಆರು ಗಂಟೆಗೆ ಓಟಿ ದರ ಇಲ್ಲ. ಫುಲ್‌ಟೈಮ್‌ನವರ ಗಂಟೆ ದಾಟಿದ ಮೇಲೆ ಮಾತ್ರ ಓಟಿ. ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ, ಎಲ್ಲರಿಗೂ ಒಂದೇ ಗೆರೆ. ಆದರೆ ಒಬ್ಬರು ತಮ್ಮ ಒಪ್ಪಂದದ ಮೇಲೆ ಒಂದು ಗಂಟೆ ದುಡಿದರೆ ಆ ಗೆರೆ ದಾಟುತ್ತಾರೆ, ಇನ್ನೊಬ್ಬರು ಇಪ್ಪತ್ತು ಗಂಟೆ ದುಡಿದರೂ ದಾಟುವುದಿಲ್ಲ. ಜರ್ಮನಿಯಲ್ಲಿ ಡಯಾಲಿಸಿಸ್ ಸೇವೆ ಕೊಡುವ ಸಂಸ್ಥೆಯೊಂದರ ಇಬ್ಬರು ಪಾರ್ಟ್‌ಟೈಮ್ ಕೆಲಸಗಾರ್ತಿಯರು ಇದನ್ನೇ ಪ್ರಶ್ನಿಸಿದರು. 2024ರ ಜುಲೈಯಲ್ಲಿ ಯುರೋಪಿಯನ್ ನ್ಯಾಯಾಲಯ ಅವರ ಕಡೆಗೆ ತೀರ್ಪು ಕೊಟ್ಟಿತು. ಅಮೆರಿಕದಲ್ಲಿ ಗೆರೆ ಬೇರೆ ಕಡೆ ಇದೆ. 50 ಅಥವಾ ಅದಕ್ಕಿಂತ ಹೆಚ್ಚು ಫುಲ್‌ಟೈಮ್ ಕೆಲಸಗಾರರಿರುವ ಕಂಪನಿ, ವಾರಕ್ಕೆ 30 ಗಂಟೆ ಮುಟ್ಟಿದವರಿಗೆ ಆರೋಗ್ಯ ವಿಮೆ ಕೊಡಬೇಕು, ಕೊಡದಿದ್ದರೆ ದಂಡ ಕಟ್ಟಬೇಕಾದೀತು. 29 ಗಂಟೆಯವರ ವಿಷಯದಲ್ಲಿ ಆ ಕಟ್ಟುಪಾಡಿಲ್ಲ. ರೋಸ್ಟರ್ ಬರೆಯುವವರ ಪೆನ್ನು ಎಲ್ಲಿ ನಿಲ್ಲುತ್ತದೆ ಅಂತ ಊಹಿಸುವುದು ಕಷ್ಟವಲ್ಲ.

ಆಸ್ಟ್ರೇಲಿಯಾದ ಲೆಕ್ಕ ಮಾತ್ರ ನನಗೆ ಮನಸ್ಸಿಗೆ ಹತ್ತಿರ. ಅಲ್ಲಿ ಗಂಟೆ ಖಾತ್ರಿ ಇಲ್ಲದ, ಸಂಬಳದ ರಜೆ ಇಲ್ಲದ ಕ್ಯಾಶುವಲ್ ಕೆಲಸಗಾರರಿಗೆ ಸಾಮಾನ್ಯವಾಗಿ ಮೂಲ ದರದ ಮೇಲೆ ಶೇ. 25 ಸೇರಿಸಿ ಕೊಡಬೇಕು. ನಿನಗೆ ನಾಳೆಯ ಭರವಸೆ ಕೊಡಲಾರೆ, ಅದಕ್ಕೆ ಇವತ್ತು ಜಾಸ್ತಿ ತಗೋ ಅಂದಂತೆ. ಎಲ್ಲ ಕಡೆ ಇದು ಪಾಲನೆಯಾಗುತ್ತದೆ ಅಂತಲ್ಲ. ಆದರೆ ಯೋಚನೆಯ ದಿಕ್ಕು ಸರಿ ಇದೆ. ನಮ್ಮ ಲಾಂಡ್ರಿಯಲ್ಲಿ ಉಲ್ಟಾ. ಭರವಸೆಯೂ ಇಲ್ಲ, ದರವೂ ಕಡಿಮೆ.

ಬಿಡುವಿನ ಹದಿನೈದು ನಿಮಿಷ

ಲಾಂಡ್ರಿಯಲ್ಲಿ ಇನ್ನೊಬ್ಬರಿದ್ದರು. ಬೇರೊಂದು ದೇಶದಿಂದ ಬಂದವರು, ನಲವತ್ತರ ಆಸುಪಾಸು. ನಮ್ಮಿಬ್ಬರ ಭಾಷೆ ಬೇರೆ, ನಡುವೆ ಇದ್ದದ್ದು ಅರೆಬರೆ ಇಂಗ್ಲಿಷ್. ನಾನು ಮನಸ್ಸಿನಲ್ಲೇ ಅವರನ್ನು ಅಕ್ಕ ಅಂತ ಕರೆಯುತ್ತಿದ್ದೆ. ಬೆಳಗ್ಗೆ ಒಂದು ಆಫೀಸಿನಲ್ಲಿ ನಾಲ್ಕು ಗಂಟೆ ಕ್ಲೀನಿಂಗ್, ಸಂಜೆ ಇಲ್ಲಿ ನಾಲ್ಕು ಗಂಟೆ. ಎರಡರ ನಡುವೆ ಎರಡು ಬಸ್ಸು. ದಿನಕ್ಕೆ ಎಂಟು ಗಂಟೆ ದುಡಿಯುವ ಅವರು ಎರಡೂ ಕಡೆ ಪಾರ್ಟ್‌ಟೈಮ್. ಅವರ ಊರಿನಲ್ಲಿ ಹದಿಮೂರು ವರ್ಷ ಫಾರ್ಮಸಿಸ್ಟ್ ಆಗಿದ್ದರು ಅಂತ ನನಗೆ ಗೊತ್ತಾಗಿದ್ದು ಒಂದು ಸಂಜೆ ಬಿಡುವಿನ ಹೊತ್ತಿನಲ್ಲಿ. ಇಲ್ಲಿ ಆ ಪದವಿ ನಡೆಯುವುದಿಲ್ಲ, ಮತ್ತೆ ಪರೀಕ್ಷೆ ಬರೆಯಬೇಕು, ಪರೀಕ್ಷೆಗೆ ಫೀಸು, ಓದಲು ಸಮಯ. ಅವರ ಹತ್ತಿರ ಎರಡೂ ಇರಲಿಲ್ಲ.

ಅವತ್ತು ಚಾದರದ ಇನ್ನೊಂದು ತುದಿ ಹಿಡಿಯುವ ನಮ್ಮ ಹಿರಿಯರು ಬೆಂಚಿನ ಮೇಲೆ ಕೂತು ಮಣಿಕಟ್ಟು ಉಜ್ಜಿಕೊಳ್ಳುತ್ತಿದ್ದರು. ಚೀಲದಿಂದ ಒಂದು ಮಾತ್ರೆ ತೆಗೆದು ನುಂಗಲು ಹೊರಟರು. ಅಕ್ಕ ಕೈ ಅಡ್ಡ ಹಿಡಿದರು. ಆ ಸ್ಟ್ರಿಪ್ ಕೊಡಿ ಅಂದರು. ತಿರುಗಿಸಿ ಹಿಂಭಾಗ ಓದಿದರು. ಬೇರೆ ಯಾವ ಮಾತ್ರೆ ತಗೊಳ್ತೀರಿ ಅಂತ ಕೇಳಿದರು. ಬಿಪಿ ಮಾತ್ರೆ ಅಂದರು. ಅದನ್ನೂ ತೋರಿಸಿ ಅಂದರು. ಅಲ್ಲಿಯವರೆಗೆ ತಲೆ ಬಗ್ಗಿಸಿ ಮಾತಾಡುತ್ತಿದ್ದ ಹೆಂಗಸಿನ ಬೆನ್ನು ನೆಟ್ಟಗಾಗಿತ್ತು. "ಎಷ್ಟು ದಿನದಿಂದ ನೋವಿನ ಮಾತ್ರೆ?" "ತಿಂಗಳಾಯ್ತು, ದಿನಾ ಎರಡು." ಅಕ್ಕ ನಿಧಾನವಾಗಿ, ಪದ ಹುಡುಕುತ್ತಾ, ಈ ಥರದ ನೋವಿನ ಮಾತ್ರೆ ದಿನಾ ನುಂಗಿದರೆ ಬಿಪಿ ಏರುತ್ತದೆ, ನಿಮ್ಮ ಬಿಪಿ ಮಾತ್ರೆಯ ಕೆಲಸವನ್ನೂ ಕೆಡಿಸುತ್ತದೆ, ಕಿಡ್ನಿಗೂ ಒಳ್ಳೆಯದಲ್ಲ, ನಾಳೆಯೇ ಡಾಕ್ಟರಿಗೆ ಎರಡೂ ಸ್ಟ್ರಿಪ್ ತೋರಿಸಿ ಕೇಳಿ ಅಂದರು. ಒಂದು ತುಂಡು ಕಾಗದದ ಮೇಲೆ ಎರಡೂ ಔಷಧಿಗಳ ಹೆಸರು ಬರೆದು, ಕೆಳಗೆ ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಯನ್ನೂ ಬರೆದುಕೊಟ್ಟರು. ಅಕ್ಷರ ಅಚ್ಚುಕಟ್ಟಾಗಿತ್ತು.

ಮುಂದಿನ ವಾರ ಹಿರಿಯರು ಬಂದವರೇ ಅಕ್ಕನ ಕೈ ಹಿಡಿದುಕೊಂಡರು. ಡಾಕ್ಟರ್ ಮಾತ್ರೆ ಬದಲಿಸಿದ್ದರಂತೆ. ಯಾರು ಹೇಳಿದ್ದು ಇದನ್ನು ಅಂತ ಡಾಕ್ಟರ್ ಕೇಳಿದರಂತೆ. "ನನ್ನ ಜೊತೆ ಕೆಲಸ ಮಾಡುವ ಫಾರ್ಮಸಿಸ್ಟ್ ಅಂದೆ" ಅಂದರು. ಅಕ್ಕನ ಕಣ್ಣು ತುಂಬಿತ್ತು.

ಆ ತಿಂಗಳ ಸಂಬಳದ ಚೀಟಿ ಬಂದಾಗ ಅಕ್ಕ ಅದನ್ನು ಓದಿಕೊಡು ಅಂತ ನನ್ನ ಕೈಗೆ ಕೊಟ್ಟರು. ಫುಲ್‌ಟೈಮ್‌ನವರಿಗೆ ಬಿಡುವಿನ ಹದಿನೈದು ನಿಮಿಷಕ್ಕೂ ಸಂಬಳ ಇತ್ತು. ಪಾರ್ಟ್‌ಟೈಮ್‌ನವರಿಗೆ ಇರಲಿಲ್ಲ. ದಿನದ ಲೆಕ್ಕದ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಕೆಳಗೆ ಬಂದೆ. ಅವತ್ತಿನ ದಿನದ ಎದುರಿಗೂ ಕಾಲು ಗಂಟೆ ಕಳೆದಿದ್ದರು.